ಶಿವರಾತ್ರಿಯಿಂದ ಭರಣಿ ಮಳೆವರೆಗೆ ಕೈತೋಟ: ನೀರೆಷ್ಟು, ನೆರಳೆಷ್ಟು, ಏನು ಬಿತ್ತಬೇಕು?
(ಕೈತೋಟದವರ ಚರ್ಚೆ. ಪ್ರತಿ ಮಾತಿನ ಮೇಲಿರೋದು ಬರೆದವರ ಅಡ್ಡಹೆಸರು.)

ಬಂಗಾರಪೇಟೆ ಹಿತ್ತಲು
ಜಾಗ ಹತ್ತಡಿಗೆ ಹನ್ನೆರಡಡಿ. ಮರಳು ಬೆರೆತ ಕೆಮ್ಮಣ್ಣು. ಪಶ್ಚಿಮ ದಿಕ್ಕು ಪೂರ್ತಿ ಬಯಲು, ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತೆ. ಕೊಳವೆಬಾವಿ ನೀರು, ಮೀಟರಿನಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 1,150 ತೋರಿಸುತ್ತೆ. ಈಗ ಇರೋದು ಆರು ಟೊಮೆಟೊ, ನಾಲ್ಕು ಬದನೆ, ಒಂದು ಸಾಲು ಬೀನ್ಸ್, ಒಂದು ಮಡಿ ಕೊತ್ತಂಬರಿ. ಬೀನ್ಸ್ ಎಲೆ ಅಂಚು ಸುಟ್ಟ ಹಾಗೆ ಕಂದಾಗ್ತಿದೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಒಳಗೆ ಕುಸಿಯುತ್ತೆ. ಕೊತ್ತಂಬರಿ ಗೇಣುದ್ದ ಆಗೋ ಮುಂಚೆ ಹೂವಿಗೆ ಹೋಯ್ತು. ನೀರು ದಿನಕ್ಕೆ ಎರಡು ಸಲ, ಪೈಪಿನಲ್ಲಿ. ಯಾವ ಗೊಬ್ಬರ ಕೊಡಬೇಕು? ಯುಗಾದಿ ಹೊತ್ತಿಗೆ ಏನು ಬಿತ್ತಬಹುದು?

ಮಾಲೂರು ಕೆಮ್ಮಣ್ಣು
ಗೊಬ್ಬರದ ಮಾತು ಆಮೇಲೆ. ಮೂರು ತೊಂದರೆಯಲ್ಲಿ ಎರಡಕ್ಕೆ ಕಾರಣ ನೀರು, ಒಂದಕ್ಕೆ ಕಾಲ.

ಮೊದಲು ನೀರಿನ ಲೆಕ್ಕ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆಯ ಬಿಸಿಲಿಗೂ ಗಾಳಿಗೂ ತುಂಬಿ ಬೆಳೆದ ಮಡಿ ದಿನಕ್ಕೆ 5ರಿಂದ 6 ಮಿಲಿಮೀಟರ್ ನೀರು ಕಳ್ಕೊಳ್ಳುತ್ತೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. ನಿಮ್ಮ ಜಾಗ 11 ಚದರ ಮೀಟರ್ ಚಿಲ್ಲರೆ. ಓಡಾಡೋ ದಾರಿ ಕಳೆದು ಗಿಡ ಇರೋ ಜಾಗ ಏಳೂವರೆ ಅಂತಿಟ್ಕೊಳ್ಳಿ. ದಿನಕ್ಕೆ 40–45 ಲೀಟರ್ ಆಯ್ತು, ಅಂದರೆ ಹದಿನೈದು ಲೀಟರಿನ ಬಿಂದಿಗೆಯಲ್ಲಿ ಮೂರು. ಪೈಪಿನಲ್ಲಿ ಎಷ್ಟು ಹೋಗ್ತಿದೆ ಅಂತ ತಿಳಿಯೋಕೆ ಒಂದು ಬಿಂದಿಗೆ ತುಂಬಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ಒಮ್ಮೆ ಗಡಿಯಾರ ನೋಡಿ ಅಳೆದುಕೊಳ್ಳಿ. ಸುಮಾರು ಜನ ಅಂದಾಜಿನಲ್ಲೇ ಎರಡರಷ್ಟು ಹಾಕ್ತಾರೆ, ಇಲ್ಲವೇ ಅರ್ಧದಷ್ಟು.

ಇನ್ನು ಎಷ್ಟು ದಿನಕ್ಕೊಮ್ಮೆ ಅನ್ನೋದು. ಮರಳು ಬೆರೆತ ಕೆಮ್ಮಣ್ಣು ಒಂದಡಿ ಆಳದಲ್ಲಿ ಗಿಡಕ್ಕೆ ದಕ್ಕುವ ಹಾಗೆ ಹಿಡಿದಿಡೋದು ಹೆಚ್ಚುಕಮ್ಮಿ 30 ಮಿಲಿಮೀಟರ್. ಅದರಲ್ಲಿ ಅರ್ಧ ಖಾಲಿಯಾಗೋ ಮುಂಚೆ ಮತ್ತೆ ತುಂಬಿಸಬೇಕು. ಹಾಗಾಗಿ ಬೇರು ಬಿಟ್ಟ ಗಿಡಕ್ಕೆ ದಿನಬಿಟ್ಟು ದಿನ ಚದರ ಮೀಟರಿಗೆ 11–12 ಲೀಟರ್, ಒಂದೇ ಸಲ, ನಿಧಾನಕ್ಕೆ. ನೀವು ದಿನಕ್ಕೆರಡು ಸಲ ಮೇಲಿಂದ ಚಿಮುಕಿಸಿದರೆ ಒಂದಿಂಚು ಮಣ್ಣು ನೆನೆದು ಅಷ್ಟೇ ಬೇಗ ಆರುತ್ತೆ. ಬೇರು ಕೆಳಗಿಳಿಯೋ ಗೋಜಿಗೆ ಹೋಗಲ್ಲ, ಆ ಬಿಸಿ ಪದರದಲ್ಲೇ ಹರಡ್ಕೊಳ್ಳುತ್ತೆ.

ಟೊಮೆಟೊ ತಳ ಕಪ್ಪಾಗೋದೂ ಇದರಿಂದಲೇ. ಸುಣ್ಣದಂಶ ನೀರಿನ ಜೊತೆ ಹರಿದೇ ಕಾಯಿಯ ತುದಿ ಮುಟ್ಟಬೇಕು. ಮಣ್ಣು ಒಮ್ಮೆ ಒಣಗಿ ಒಮ್ಮೆ ನೆಂದರೆ ಹರಿವು ಕಡಿಯುತ್ತೆ, ಕಾಯಿಯ ತುದಿಯ ಜೀವಕೋಶ ಸಾಯುತ್ತೆ. ಕಪ್ಪಾದ ಕಾಯಿ ಮತ್ತೆ ಸರಿಹೋಗಲ್ಲ, ಕಿತ್ತು ಹಾಕಿ.

ತಾರಸಿ ತುಮಕೂರು
ಮೊಟ್ಟೆ ಚಿಪ್ಪಿನ ಪುಡಿ ಹಾಕಿದರೆ ತಳ ಕಪ್ಪಾಗೋದು ನಿಲ್ಲುತ್ತೆ ಅಂತಾರಲ್ಲ?

ಮಾಲೂರು ಕೆಮ್ಮಣ್ಣು
ಪಾತ್ರೆ ತಳದಲ್ಲಿ ಬಿಳಿ ಕರೆ ಕಟ್ಟೋ ನೀರಿದು. ಸುಣ್ಣ ನೀರಿನಲ್ಲೇ ಬೇಕಾದಷ್ಟಿದೆ, ಚಿಪ್ಪು ಪುಡಿ ಮಾಡೋ ಶ್ರಮ ದಂಡ. ಅದು ಕರಗೋಕೆ ಹುಳಿ ಮಣ್ಣು ಬೇಕು, ವರ್ಷಗಟ್ಟಲೆ ಹಿಡಿಯುತ್ತೆ. ಯೂರಿಯಾ, ಹಸಿ ಕೋಳಿ ಗೊಬ್ಬರ ಜಾಸ್ತಿಯಾದರೂ ಈ ತೊಂದರೆ ಹೆಚ್ಚುತ್ತೆ. ಎಲೆ ದಿಢೀರ್ ಬೆಳೆದು ಬರೋ ನೀರನ್ನೆಲ್ಲ ತಾನೇ ಎಳ್ಕೊಳ್ಳುತ್ತೆ, ಕಾಯಿಗೆ ಉಳಿಯಲ್ಲ.

ಉಪ್ಪುನೀರು ಮುಳಬಾಗಿಲು
ಬೀನ್ಸ್ ವಿಷಯಕ್ಕೆ ಬರ್ತೀನಿ. ಟಿಡಿಎಸ್ 1,150 ಅಂದರೆ ಲೀಟರಿಗೆ 1.15 ಗ್ರಾಂ ಕರಗಿದ ಲವಣ. ಮೇಲಿನ ಲೆಕ್ಕದಂತೆ ದಿನಕ್ಕೆ 45 ಲೀಟರ್ ಹಾಕಿದರೆ ತಿಂಗಳಿಗೆ 1,350 ಲೀಟರ್. ಅದರ ಜೊತೆ ನಿಮ್ಮ ಮಡಿಗೆ ಬೀಳೋ ಲವಣ ಒಂದೂವರೆ ಕಿಲೋ. ನೀರು ಆವಿಯಾಗಿ ಹೋಗುತ್ತೆ, ಉಪ್ಪು ಅಲ್ಲೇ ಕೂರುತ್ತೆ. ಅದರಲ್ಲಿ ಒಂದಷ್ಟು ಸುಣ್ಣವಾಗಿ ಗಟ್ಟಿಯಾಗಿ ಬೇರಿಗೆ ತೊಂದರೆ ಕೊಡಲ್ಲ. ಕರಗಿಯೇ ಉಳಿಯೋ ಸೋಡಿಯಂ, ಕ್ಲೋರೈಡು ಎಲೆ ಅಂಚಿಗೆ ಹೋಗಿ ಸೇರ್ಕೊಳ್ಳುತ್ತೆ. ಹಳೆ ಎಲೆಯ ಅಂಚಿನಿಂದ ಶುರುವಾಗಿ ಒಳಕ್ಕೆ ಸುಡುತ್ತಾ ಬಂದರೆ ಅದು ಉಪ್ಪಿನ ಗುರುತು.

ತರಕಾರಿಗಳಲ್ಲಿ ಉಪ್ಪಿಗೆ ತೀರಾ ನಾಜೂಕು ಅಂದರೆ ಬೀನ್ಸ್. ಕ್ಯಾರೆಟ್, ಈರುಳ್ಳಿಯೂ ಅದೇ ಸಾಲಿಗೆ. ಮೆಣಸಿನಕಾಯಿ ಅದಕ್ಕಿಂತ ಸ್ವಲ್ಪ ವಾಸಿ, ಟೊಮೆಟೊ ಇನ್ನೂ ವಾಸಿ. ನಿಮ್ಮ ನೀರು ಟೊಮೆಟೊ ತಡೆಯೋ ಅಂಚಿನಲ್ಲಿದೆ. ಅಲಸಂದೆ, ಬೀಟ್‌ರೂಟ್ ಇದಕ್ಕೆ ಜಗ್ಗಲ್ಲ. ನಿಮ್ಮ ನೀರಿಗೆ ಬೇಸಿಗೆಯಲ್ಲಿ ಬೀನ್ಸ್ ಬಿಟ್ಟುಬಿಡೋದೇ ಸರಿ. ಉಪ್ಪು ಇಲ್ಲದಿದ್ದರೂ ಹಗಲು 32 ಡಿಗ್ರಿ ದಾಟಿದ ಮೇಲೆ ಅದರ ಹೂ ಉದುರುತ್ತೆ.

ಉಪ್ಪನ್ನ ಬೇರಿನ ಕೆಳಕ್ಕೆ ತಳ್ಳೋದು ಹೀಗೆ: ಹದಿನೈದು ಇಪ್ಪತ್ತು ದಿನಕ್ಕೊಮ್ಮೆ, ನೀರು ಹಾಕಬೇಕಾದ ದಿನವೇ, ಮಾಮೂಲಿನ ಎರಡರಷ್ಟು ನೀರು. ಮೊದಲು ಅರ್ಧ ಹಾಕಿ, ಒಂದು ಗಂಟೆ ಬಿಟ್ಟು ಇನ್ನರ್ಧ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಹಾಕಿದರೆ ಈ ಕೆಲಸ ಆಗಲ್ಲ, ಉಪ್ಪು ಬೇರಿನ ಮಟ್ಟದಲ್ಲೇ ಸುತ್ತಾಡುತ್ತೆ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ನೀರು ಹಾಕೋ ಮುಂಚೆ ಅರ್ಧ ಇಂಚು ಕೆರೆದು ಆಚೆ ಹಾಕಿ.

ಅಪಾರ್ಟ್‌ಮೆಂಟ್ ಬಾಲ್ಕನಿ
ನಮ್ಮಲ್ಲಿ ಸಾಫ್ಟ್‌ನರ್ ಇದೆ. ಆ ನೀರು ಗಡಸಿಲ್ಲ, ಸೋಪು ಚೆನ್ನಾಗಿ ನೊರೆ ಬರುತ್ತೆ. ಗಿಡಕ್ಕೆ ಅದೇ ಒಳ್ಳೇದಲ್ವಾ?

ಉಪ್ಪುನೀರು ಮುಳಬಾಗಿಲು
ಖಂಡಿತ ಬೇಡ. ಸಾಫ್ಟ್‌ನರ್ ಮಾಡೋ ಕೆಲಸವೇ ಸುಣ್ಣ, ಮೆಗ್ನೀಷಿಯಂ ತೆಗೆದು ಸೋಡಿಯಂ ಬಿಡೋದು. ಅದಕ್ಕೇ ತಾನೇ ತೊಟ್ಟಿಗೆ ಮೂಟೆಗಟ್ಟಲೆ ಉಪ್ಪು ಸುರಿಯೋದು? ಟಿಡಿಎಸ್ ಒಂದಿಷ್ಟೂ ಕಮ್ಮಿ ಆಗಿರಲ್ಲ. ಸೋಡಿಯಂ ಹೆಚ್ಚಾದ ಮಣ್ಣು ನೆಂದಾಗ ಅಂಟಂಟು, ಒಣಗಿದಾಗ ಹೆಂಚು. ಸಾಫ್ಟ್‌ನರಿಗೆ ಹೋಗೋ ಮುಂಚಿನ ಗಡಸು ನೀರೇ ಗಿಡಕ್ಕೆ ಮೇಲು. ಆರ್‌ಓ ಯಂತ್ರ ಹೊರಹಾಕೋ ನೀರೂ ಬೇಡ. ಅರ್ಧ ನೀರು ಕುಡಿಯೋಕೆ ತೆಗೆದು ಅರ್ಧ ಹೊರಹಾಕಿದರೆ ಆ ಹೊರಗಿನ ಅರ್ಧಕ್ಕೆ ಲವಣ ಎರಡರಷ್ಟು ಸೇರಿರುತ್ತೆ. ನೆಲ ಒರೆಸೋಕೆ ಬಳಸಿ.

ಪಾವಗಡ ಬಿಸಿಲು
ಟೊಮೆಟೊ ಇನ್ನು ಇಟ್ಕೊಂಡು ಏನು ಪ್ರಯೋಜನ? ಏಪ್ರಿಲ್‌ನಲ್ಲಿ ಹೂ ಬರುತ್ತೆ, ಒಂದೂ ಕಚ್ಚಲ್ಲ. ಕಿತ್ತು ಬೆಂಡೆ ಹಾಕೋದು ಒಳ್ಳೇದು.

ಚಿಂತಾಮಣಿ ಚಪ್ಪರ
ಪಾವಗಡಕ್ಕೆ ನಿಮ್ಮ ಮಾತು ಸರಿ, ಕೋಲಾರಕ್ಕೆ ಪೂರ್ತಿ ಒಪ್ಪಲ್ಲ. ಟೊಮೆಟೊ ಹೂ ಕಚ್ಚದೆ ಇರೋಕೆ ಹಗಲಿನ ಬಿಸಿಗಿಂತ ರಾತ್ರಿಯ ಸೆಕೆ ದೊಡ್ಡ ಕಾರಣ. ರಾತ್ರಿ 23–24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ, ಹಗಲು 35 ದಾಟಿದರೆ, ಪರಾಗ ಕೆಡುತ್ತೆ. ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿವೆ. ಸೆಕೆಗಾಲದಲ್ಲೂ ಬೆಳಗಿನ ಜಾವ ತಂಪಾಗುತ್ತೆ. ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಜೂನ್–ಜುಲೈನಲ್ಲಿ ಬರೋ ಟೊಮೆಟೊ ರಾಶಿ ಎಲ್ಲಿಂದ ಬರುತ್ತೆ ಹೇಳಿ? ಬೇಸಿಗೆಯಲ್ಲಿ ನಾಟಿ ಮಾಡಿದ ತೋಟದಿಂದಲೇ.

ಆದರೆ ಅವರು ಹಾಕೋದು ಬಿಸಿ ತಡೆಯೋ ಹೈಬ್ರಿಡ್. ನಾಟಿ ತಳಿಗೆ ಆ ತಾಳಿಕೆ ಕಡಿಮೆ. ಈಗ ಇರೋ ಆರು ಗಿಡ ಉಳಿಸ್ಕೊಳ್ಳಿ. ಬೆಳಗ್ಗೆ ಎಂಟರಿಂದ ಹತ್ತರೊಳಗೆ ಕೋಲು ಕಟ್ಟಿದ ದಾರವನ್ನ ಬೆರಳಿಂದ ತಟ್ಟಿ. ಹೂ ಅಲುಗಿದರೆ ಪರಾಗ ತನ್ನ ಹೂವಿನೊಳಗೇ ಬೀಳುತ್ತೆ. ಪಶ್ಚಿಮದ ಕಡೆ ಎಲೆ ಚಿವುಟಬೇಡಿ, ಕಾಯಿಗೆ ಅದೇ ಕೊಡೆ. ಚಿವುಟಿದರೆ ಹೆಗಲ ಮೇಲೆ ಬಿಸಿಲು ಬಿದ್ದು ಬಿಳಿ ತೇಪೆ ಬರುತ್ತೆ.

ಹೊಸದಾಗಿ ಹಾಕೋದಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ನೋಡಿ. ಎಲೆಮುದುಡು ನಂಜು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರಕ್ಕೂ ನಿರೋಧ ಇರೋ ಹೈಬ್ರಿಡ್ ಅದು. ಸುತ್ತ ವರ್ಷಪೂರ್ತಿ ಟೊಮೆಟೊ ತೋಟ ಇರೋ ನಮ್ಮಂಥ ಕಡೆ ಎಲೆಮುದುಡು ಹರಡೋ ಬಿಳಿನೊಣಕ್ಕೆ ಬರವಿಲ್ಲ. ಎಲೆಮುದುಡು ತಡೆಯದ ತಳಿ ಹಾಕಿದರೆ ಬರೀ ಪುಳ್ಳೆ ಸಿಗುತ್ತೆ.

ಪಾವಗಡ ಬಿಸಿಲು
ಒಪ್ಪಿದೆ. ನಮ್ಮಲ್ಲಿ ರಾತ್ರಿಯೂ ಬಂಡೆ ಬಿಸಿ ಉಗುಳ್ತಾ ಇರುತ್ತೆ. ಇಲ್ಲಿ ಗೋರಿಕಾಯಿ, ಅಲಸಂದೆ, ದಂಟು ಬಿಟ್ಟರೆ ಬೇರೆದಕ್ಕೆ ನೀರು ಸುರಿಯೋದು ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ.

ಚಿಂತಾಮಣಿ ಚಪ್ಪರ
ಈಗ ಬಿತ್ತಬಹುದಾದ್ದು ಹೇಳ್ತೀನಿ.

ಬೆಂಡೆ: ಬೀಜ ಸಂಜೆ ನೆನೆಹಾಕಿ, 10–12 ಗಂಟೆ ಸಾಕು. ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿ. ಗುಣಿಗೆ ಎರಡು ಬೀಜ, ಒಂದಿಂಚಿಗಿಂತ ಆಳ ಬೇಡ. 45–50 ದಿನಕ್ಕೆ ಕಾಯಿ. ಅಲ್ಲಿಂದ ದಿನಬಿಟ್ಟು ದಿನ ಕೊಯ್ಯಲೇಬೇಕು, ಒಂದು ಕಾಯಿ ಬಲಿತರೂ ಗಿಡ ಹೊಸ ಹೂ ತಡೆಯುತ್ತೆ. ಬೇಸಿಗೆ ಬೆಂಡೆಗೆ ಹಳದಿ ನಂಜಿನ ಭಯ ಜಾಸ್ತಿ. ಅರ್ಕಾ ಅನಾಮಿಕಾ ಹಾಕಿದರೂ ಪೂರ್ತಿ ನಿಶ್ಚಿಂತೆ ಇಲ್ಲ. ನರ ಹಳದಿಯಾದ ಮೊದಲ ಗಿಡ ಕಂಡ ದಿನವೇ ಕಿತ್ತುಬಿಡಿ, ಕನಿಕರ ತೋರಿಸಿದರೆ ಸಾಲು ಪೂರ್ತಿ ಹೋಗುತ್ತೆ.

ಗೋರಿಕಾಯಿ: ತಾಯಿಬೇರು ಆಳಕ್ಕಿಳಿಯೋ ಗಿಡ, ಬಿಸಿಲಿಗೆ ಹುಟ್ಟಿದ್ದು. ಒಂದೂವರೆ ಅಡಿ ಸಾಲು, ಅರ್ಧ ಅಡಿ ಅಂತರ. ಹೂ ಬರೋವರೆಗೆ ನೀರು ಬಿಗಿಹಿಡಿದಷ್ಟೂ ಒಳ್ಳೇದು.

ದಂಟು, ಕೀರೆ: ಚದರ ಮೀಟರಿಗೆ ಒಂದು ಗ್ರಾಂ ಬೀಜ ಮೀರಬಾರದು. ಹತ್ತರಷ್ಟು ಒಣ ಮರಳಿನಲ್ಲಿ ಬೆರೆಸಿ ಎರಚಿ. ನಮ್ಮ ಕೆಮ್ಮಣ್ಣು ನೀರು ಬಿದ್ದು ಒಣಗಿದರೆ ಮೇಲೆ ಹೆಪ್ಪುಗಟ್ಟಿ ಚಿಪ್ಪಾಗುತ್ತೆ, ಸಾಸಿವೆಗಿಂತ ಸಣ್ಣ ಬೀಜದ ಮೊಳಕೆಗೆ ಅದನ್ನ ಒಡೆಯೋ ಶಕ್ತಿ ಇಲ್ಲ. ಅದಕ್ಕೆ ಮೇಲೆ ಮಣ್ಣು ಮುಚ್ಚಬೇಡಿ, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಕಾಲಿಂಚು ಉದುರಿಸಿ, ಗೋಣಿಚೀಲ ಹಾಸಿ, ಅದರ ಮೇಲೇ ನೀರು ಚಿಮುಕಿಸಿ. ಮೂರನೇ ದಿನ ಸಂಜೆ ಚೀಲ ಎತ್ತಿ. ಒಂದು ದಿನ ತಡವಾದರೂ ಮೊಳಕೆ ಚೀಲಕ್ಕೆ ಹೆಣೆದುಕೊಂಡು ಕಿತ್ತುಬರುತ್ತೆ. ಇರುವೆ ಹೊತ್ತೊಯ್ಯೋ ಜಾಗವಾದರೆ ಮಡಿಯ ಸುತ್ತ ನುಚ್ಚಕ್ಕಿ ಚೆಲ್ಲಿ, ಅವು ಅದಕ್ಕೆ ಮುಗಿಬೀಳ್ತವೆ. 25–30 ದಿನಕ್ಕೆ ಸೊಪ್ಪು. ಮಡಿಯ ಅಂಚಿನಲ್ಲಿ ತಾನಾಗೇ ಹುಟ್ಟೋ ಕಾಶಿಸೊಪ್ಪು, ಗೋಣಿಸೊಪ್ಪು ಕಳೆ ಅಂತ ಕೀಳಬೇಡಿ, ಬೆರಕೆ ಸೊಪ್ಪಿನ ಸಾರಿಗೆ ಅವೇ ಬೇಕು.

ಹೀರೆ, ಹಾಗಲ, ಸೋರೆ, ಸೌತೆ: ಹಾಕಬಹುದು, ಆದರೆ ಶಿವರಾತ್ರಿ ಹೊತ್ತಿಗೇ ಗುಣಿಗೆ ಬಿದ್ದಿದ್ದರೆ ಇನ್ನೂ ಚೆನ್ನಾಗಿತ್ತು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿ; ಮೇಲ್ಮಣ್ಣು ಮತ್ತು ಕಳಿತ ಗೊಬ್ಬರ ಎರಡಕ್ಕೊಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಗುಣಿಗೆ ನಾಲ್ಕು ಬೀಜ ಹಾಕಿ ಎರಡು ಉಳಿಸಿ.

ಕೊತ್ತಂಬರಿ ಹೂವಿಗೆ ಹೋಗಿದ್ದಕ್ಕೆ ಮದ್ದಿಲ್ಲ, ಹೊತ್ತು ಉದ್ದ ಆಯ್ತು, ಸೆಕೆ ಬಂತು, ಅದರ ಕೆಲಸ ಅದು ಮಾಡಿದೆ. ಬೇಕೇ ಬೇಕು ಅಂದರೆ ಬೀಜ ಎರಡು ಹೋಳಾಗೋ ಹಾಗೆ ಚಪ್ಪಲಿಯಡಿ ಉಜ್ಜಿ, ರಾತ್ರಿ ನೆನೆಸಿ, ನೆರಳಲ್ಲಿ ಬಿತ್ತಿ, ನಾಲ್ಕೈದು ಇಂಚಿಗೇ ಕೊಯ್ದು ಮುಗಿಸಿ. ಮೆಂತ್ಯ ಸುಲಭ, 20–25 ದಿನ.

ಬೀಜದ ಡಬ್ಬಿ
ಬೇಲಿಗೆ ಅವರೆ ಬಿಟ್ಟರೆ?

ಚಿಂತಾಮಣಿ ಚಪ್ಪರ
ನಾಟಿ ಅವರೆ ಹಗಲು ಕಿರಿದಾದ ಮೇಲಷ್ಟೇ ಹೂ ಬಿಡೋದು. ಈಗ ಬಿತ್ತಿದರೆ ಬಳ್ಳಿ ಬೇಲಿ ತುಂಬಾ ಹಬ್ಬಿ ನೀರು ಕುಡಿದು ಸುಮ್ಮನಿರುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-4 ತಳಿಗೆ ಹಗಲಿನ ಉದ್ದದ ಹಂಗಿಲ್ಲ, ಗಿಡ್ಡ ಗಿಡ, ಯಾವಾಗ ಹಾಕಿದರೂ ಕಾಯಿ ಬಿಡುತ್ತೆ. ಸೊಗಡು ಮಾತ್ರ ಕೇಳಬೇಡಿ, ಅದು ಚಳಿಗಾಲದ ಸ್ವತ್ತು.

ತಾರಸಿ ತುಮಕೂರು
ನೆರಳು ಪರದೆ 50 ಪರ್ಸೆಂಟಿನದು ಇಡೀ ತೋಟಕ್ಕೆ ಕಟ್ಟಿದರೆ ಆಗಲ್ವಾ?

ಗುಬ್ಬಿ ತೆಂಗಿನಡಿ
ಸೊಪ್ಪಿಗೆ, ಸಸಿ ಮಡಿಗೆ 50 ಸರಿ. ಬೆಂಡೆ, ಟೊಮೆಟೊ, ಬಳ್ಳಿ ತರಕಾರಿಗೆ ಅಷ್ಟು ನೆರಳು ಕಟ್ಟಿದರೆ ಗಿಡ ಎತ್ತರಕ್ಕೆ ಎಳೆದುಕೊಂಡು ಹೂ ಕಮ್ಮಿಯಾಗುತ್ತೆ. ಅವಕ್ಕೆ 35ರದು ಸಾಕು, ಅದೂ ಹನ್ನೊಂದರಿಂದ ನಾಲ್ಕರವರೆಗೆ. ನೆತ್ತಿಯ ಮೇಲೆ ಕಮ್ಮಿಯೆಂದರೆ ಏಳಡಿ ಎತ್ತರದಲ್ಲಿ ಕಟ್ಟಿ. ತಲೆಗೆ ತಗುಲುವಂತೆ ಕಟ್ಟಿದರೆ ಕೆಳಗೆ ಬಿಸಿಗಾಳಿ ನಿಂತು ನೆರಳಿದ್ದೂ ಬೇಯುತ್ತೆ. ಗುಬ್ಬಿ, ತಿಪಟೂರು ಕಡೆ ತೆಂಗಿನ ಸಾಲಿನ ನಡುವೆ ಬರೋ ಸೋಸಿದ ಬಿಸಿಲೇ ಸೊಪ್ಪಿಗೆ ಹೇಳಿ ಮಾಡಿಸಿದ್ದು. ತೆಂಗಿನ ಬುಡದಿಂದ ಆರಡಿ ಬಿಟ್ಟು ಮಡಿ ಮಾಡಿ, ಇಲ್ಲವಾದರೆ ಅದರ ಬೇರು ನಿಮ್ಮ ಗೊಬ್ಬರ ಪೂರ್ತಿ ತಿನ್ನುತ್ತೆ.

ಬಂಗಾರಪೇಟೆಯವರಿಗೆ ಪರದೆಗಿಂತ ಅಗ್ಗದ ದಾರಿ: ಪಶ್ಚಿಮದ ಅಂಚಿನುದ್ದಕ್ಕೂ ಆರಡಿ ಎತ್ತರಕ್ಕೆ ಕಂಬ ನೆಟ್ಟು ಬಲೆ ಕಟ್ಟಿ ಹೀರೆ, ಹಾಗಲ ಹಬ್ಬಿಸಿ. ನಲವತ್ತು ದಿನಕ್ಕೆ ಜೀವಂತ ಗೋಡೆ ಆಗುತ್ತೆ. ಅದರ ನೆರಳು ಮೂರು ಗಂಟೆಯ ಮೇಲೆ ಎಲ್ಲಿ ಬೀಳುತ್ತೋ ಅಲ್ಲಿ ಸೊಪ್ಪಿನ ಮಡಿ. ಬಳ್ಳಿ ಹಬ್ಬೋವರೆಗೆ ಅದೇ ಕಂಬಕ್ಕೆ ಹಳೆ ಸೀರೆ ಇಳಿಬಿಡಿ.

ಮಣ್ಣಿನ ಮೇಲೆ ಹಾಸೋ ಮುಚ್ಚಿಗೆ ಬಗ್ಗೆ ಯಾರೂ ಹೇಳಲಿಲ್ಲ. ಬೆತ್ತಲೆ ಕೆಮ್ಮಣ್ಣು ಮಧ್ಯಾಹ್ನ ಬರಿಗಾಲಿಡೋಕೆ ಆಗದಷ್ಟು ಕಾಯುತ್ತೆ, ಮೇಲಿನ ಎರಡಿಂಚಿನ ಬೇರು ಅಲ್ಲೇ ಸಾಯುತ್ತೆ. ಎರಡರಿಂದ ಮೂರಿಂಚು ಒಣ ತರಗು ಹಾಸಿ. ಈಗ ಹೊಂಗೆ ಹಳೆ ಎಲೆ ಉದುರಿಸಿರುತ್ತೆ, ರಸ್ತೆ ಬದಿ ಗುಡಿಸಿದರೆ ಚೀಲಗಟ್ಟಲೆ ಸಿಗುತ್ತೆ. ಕಡ್ಲೆಕಾಯಿ ಸಿಪ್ಪೆ, ಒಣಗಿದ ಅವರೆ ಸಿಪ್ಪೆ, ಕಬ್ಬಿನ ಸೋಗೆ ಯಾವುದಾದರೂ ಆದೀತು. ರಾಗಿ ಹುಲ್ಲು ದನಕ್ಕೇ ಸಾಲದ ಕಾಲ, ಅದನ್ನ ಮುಟ್ಟಬೇಡಿ. ಮೊದಲು ನೀರು, ಆಮೇಲೆ ಮುಚ್ಚಿಗೆ. ಒಣ ಮಣ್ಣಿನ ಮೇಲೆ ಮುಚ್ಚಿದರೆ ಹಾಕೋ ನೀರನ್ನ ತರಗೇ ಕುಡಿಯುತ್ತೆ.

ಬೀಜದ ಡಬ್ಬಿ
ಮುಚ್ಚಿಗೆ ಹಾಕಿದರೆ ಗೆದ್ದಲು ಬರುತ್ತಲ್ಲ. ಕೆಮ್ಮಣ್ಣಿನಲ್ಲಿ ಅದೇ ದೊಡ್ಡ ಕಾಟ.

ಗುಬ್ಬಿ ತೆಂಗಿನಡಿ
ಬರುತ್ತೆ. ತರಗು ಸಿಕ್ಕರೆ ಗೆದ್ದಲು ತರಗನ್ನೇ ತಿನ್ನುತ್ತೆ. ಹಸಿ ಗಿಡಕ್ಕೆ ಬಾಯಿ ಹಾಕೋದು ಮಡಿ ಪೂರ್ತಿ ಒಣಗಿ ಬೇರೇನೂ ಸಿಗದಾಗ. ಕಾಂಡದ ಸುತ್ತ ಮೂರಿಂಚು ಬರಿದಾಗಿ ಬಿಡಿ. ಚದರ ಮೀಟರಿಗೆ 100 ಗ್ರಾಂ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ ಮಣ್ಣಿಗೆ ಸೇರಿಸಿ. ಗೆದ್ದಲಿಗಿಂತ ಹೆಚ್ಚು ಹೆದರಬೇಕಾದ್ದು ಅರೆಬೆಂದ ಸಗಣಿಗೆ. ಅದರಲ್ಲಿ ಗೊಣ್ಣೆ ಹುಳು ಇರುತ್ತೆ, ಬೇರನ್ನೇ ಕತ್ತರಿಸುತ್ತೆ. ಗೊಬ್ಬರ ಕೈಲಿ ಹಿಡಿದರೆ ಪುಡಿಯಾಗಬೇಕು, ವಾಸನೆ ಇರಬಾರದು. ಇಲ್ಲವಾದರೆ ಇನ್ನೆರಡು ತಿಂಗಳು ಗುಂಡಿಯಲ್ಲೇ ಬಿಡಿ.

ಶಿಡ್ಲಘಟ್ಟ ಹಿಪ್ಪುನೇರಳೆ
ನಮ್ಮ ಕಡೆಯವರಿಗೆ ರೇಷ್ಮೆ ಹುಳುವಿನ ಹಿಕ್ಕೆ, ತಿಂದುಳಿದ ಸೊಪ್ಪು-ಕಡ್ಡಿ ಕೇಳಿದಷ್ಟು ಸಿಗುತ್ತೆ. ನೇರ ಮಡಿಗೆ ಸುರಿಯೋದು ತಪ್ಪು. ಹುಳು ಸಾಕೋ ಮನೆಯಲ್ಲಿ ಹಾಸಿಗೆ ಮೇಲೆ ಸುಣ್ಣ, ಸೋಂಕು ಕಳೆಯೋ ಪುಡಿ ಎರಚಿರ್ತಾರೆ, ಅದೂ ಅದರ ಜೊತೆಗೇ ಬಂದಿರುತ್ತೆ. ಹಸಿ ಹಿಕ್ಕೆ ಬಿಸಿಯಾಗಿ ಕೊಳೆಯುವಾಗ ಬೇರು ಸುಡುತ್ತೆ. ಕಡ್ಡಿ ಕತ್ತರಿಸಿ, ಒಂದು ಪದರ ಹಿಕ್ಕೆ, ಒಂದು ಪದರ ಒಣ ತರಗು, ಮೇಲೆ ಸಗಣಿ ನೀರು ಹೀಗೆ ಪೇರಿಸಿ, ಇಪ್ಪತ್ತು ದಿನಕ್ಕೊಮ್ಮೆ ತಿರುವಿ. ಮೂರು ತಿಂಗಳಿಗೆ ಕಪ್ಪು ಗೊಬ್ಬರ. ಹಿಪ್ಪುನೇರಳೆ ಕಡ್ಡಿ ಹೀರೆ ಚಪ್ಪರಕ್ಕೆ ಆಸರೆಯೂ ಹೌದು. ಹಸಿ ಕಡ್ಡಿ ನೆಟ್ಟರೆ ಚಿಗುರಿಬಿಡುತ್ತೆ, ಒಣಗಿಸಿ ನೆಡಿ.

ಮಾಲೂರು ಕೆಮ್ಮಣ್ಣು
ಕೆರೆ ಗೋಡು (ಹೂಳು) ತರೋರಿಗೂ ಇದೇ ಕಾಲ. ಮೂರು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಗೋಡು, ಅದಕ್ಕಿಂತ ಹೆಚ್ಚಾದರೆ ಬಿರುಕು ಬಿಡುತ್ತೆ. ಗೋಡನ್ನ ಹದಿನೈದು ದಿನ ಬಿಸಿಲಿಗೆ ಹರಡಿ ಪುಡಿ ಮಾಡಿ ಸೇರಿಸಿ. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ತುಂಬೋ ಕೆರೆಯ ಗೋಡಾದರೆ ಮಣ್ಣು ಪರೀಕ್ಷೆ ಮಾಡಿಸದೆ ಸೊಪ್ಪಿನ ಮಡಿಗೆ ಹಾಕೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ತಾರಸಿ ತುಮಕೂರು
ಚೀಲದಲ್ಲಿ ಬೆಳೆಯೋರಿಗೆ ಕೆಲವು ಲೆಕ್ಕ ಬೇರೆ. ಹನ್ನೆರಡಿಂಚಿನ ಚೀಲ ಹಿಡಿಯೋದು ಇಪ್ಪತ್ತು ಲೀಟರ್ ಮಿಶ್ರಣ, ಒಂದು ಟೊಮೆಟೊ ಅಥವಾ ಒಂದು ಬದನೆಗೆ ಅಷ್ಟೇ ಸಾಕು. ತುಂಬಿದ ಗಿಡ ಏಪ್ರಿಲ್‌ನಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಯುತ್ತೆ. ಇಲ್ಲಿ ದಿನಬಿಟ್ಟು ದಿನ ಅನ್ನೋದು ನಡೆಯಲ್ಲ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಂಚಿ ಕೊಡಿ.

ಐದು ಕಿಲೋ ಕೊಕೊಪೀಟ್ ಇಟ್ಟಿಗೆ ನೆಂದರೆ ಎಪ್ಪತ್ತು ಲೀಟರ್ ಆಸುಪಾಸು ಆಗುತ್ತೆ. ಅಗ್ಗದ್ದು ತೊಳೆದಿರಲ್ಲ. ನೆನೆಸಿ ಬಟ್ಟೆಯಲ್ಲಿ ಹಿಂಡಿ, ಆ ನೀರಿಗೆ ಮೀಟರ್ ಇಟ್ಟು ನೋಡಿ. ನೀವು ಹಾಕಿದ ನೀರಿನ ಅಂಕಿಗಿಂತ ತುಂಬಾ ಮೇಲಿದ್ದರೆ ಮತ್ತೆ ತೊಳೀರಿ, ಎರಡು-ಮೂರು ಸಲದಲ್ಲಿ ಇಳಿಯುತ್ತೆ.

ಚೀಲವನ್ನ ನೇರ ತಾರಸಿ ಮೇಲೆ ಇಡಬೇಡಿ. ಎರಡು ಇಟ್ಟಿಗೆ ಮೇಲೆ ಎತ್ತಿಡಿ, ಒಂದಕ್ಕೊಂದು ತಾಗಿಸಿ ಗುಂಪು ಮಾಡಿ, ಪಶ್ಚಿಮದ ಕಡೆಯ ಸಾಲಿಗೆ ಗೋಣಿ ಸುತ್ತಿ. ಕಪ್ಪು ಚೀಲದ ಬಿಸಿಲು ಬಡಿಯೋ ಮಗ್ಗುಲಿನಲ್ಲಿ ಬೇರೇ ಇರಲ್ಲ, ಒಮ್ಮೆ ಬಿಚ್ಚಿ ನೋಡಿದರೆ ಗೊತ್ತಾಗುತ್ತೆ. ಮಧ್ಯಾಹ್ನ ತೊಟ್ಟಿಯಿಂದ ಬರೋ ಮೊದಲ ನೀರು ಸ್ನಾನಕ್ಕಾಗುವಷ್ಟು ಬಿಸಿ, ಅದನ್ನ ಬಕೆಟಿಗೆ ಬಿಟ್ಟು ಆರಿಸಿ.

ಪಾವಗಡ ಬಿಸಿಲು
ನೀರು ಕಮ್ಮಿ ಇರೋರಿಗೆ ಮಡಕೆ ಹೂಳೋದು. ಐದಾರು ಲೀಟರಿನ ಬಣ್ಣ ಬಳಿಯದ ಮಣ್ಣಿನ ಮಡಕೆ, ಕಂಠದವರೆಗೆ ಹೂತು ಮೇಲೆ ತಟ್ಟೆ ಮುಚ್ಚಿ. ಕೊಳ್ಳೋ ಮುಂಚೆ ನೀರು ತುಂಬಿಸಿ ನೋಡಿ, ಒಂದೆರಡು ಗಂಟೆಯಲ್ಲಿ ಹೊರಮೈ ತೇವವಾಗಬೇಕು. ಆಗದಿದ್ದರೆ ಅದು ಕುಡಿಯೋ ನೀರಿಗೂ ತಂಪು ಕೊಡಲ್ಲ, ಗಿಡಕ್ಕೂ ಆಗಲ್ಲ. ಸುತ್ತ ಒಂದಡಿ ತೇವ ಹಬ್ಬುತ್ತೆ. ಮೂರು ಸೌತೆ ಅಥವಾ ನಾಲ್ಕು ಬದನೆ ಅದರ ಸುತ್ತ. ಗಡಸು ನೀರಿಗೆ ಒಂದು ಬೇಸಿಗೆಯಲ್ಲೇ ರಂಧ್ರ ಕಟ್ಟುತ್ತೆ. ಕಿತ್ತು, ನೀರು ಬೆರೆಸಿದ ವಿನಿಗರಿನಲ್ಲಿ ರಾತ್ರಿ ನೆನೆಸಿ ತೆಂಗಿನ ನಾರಿನಿಂದ ಉಜ್ಜಿದರೆ ಮತ್ತೆ ಬಿಟ್ಟುಕೊಳ್ಳುತ್ತೆ.

ಬಂಗಾರಪೇಟೆ ಹಿತ್ತಲು
ಡ್ರಿಪ್ ಹಾಕಿಸಬಹುದಾ? ತೊಟ್ಟಿ ತಾರಸಿ ಮೇಲಿದೆ, ತೋಟ ನೆಲದಲ್ಲಿ.

ಉಪ್ಪುನೀರು ಮುಳಬಾಗಿಲು
ಒಂದು ಮಹಡಿ ಎತ್ತರ ಅಂದರೆ ಸಿಗೋ ಒತ್ತಡ 0.3 ಬಾರ್ ಅಷ್ಟೇ. ಅಂಗಡಿಯವರು ಒಳ್ಳೆಯದು ಅಂತ ಕೊಡೋ ಒತ್ತಡ ಸರಿದೂಗಿಸುವ ಡ್ರಿಪ್ಪರಿಗೆ ಅದು ಸಾಲಲ್ಲ. ಮಾಮೂಲಿ ಡ್ರಿಪ್ಪರ್ ಅಥವಾ ಮೈಕ್ರೋಟ್ಯೂಬ್ ತಗೊಳ್ಳಿ. ಗಂಟೆಗೆ 4 ಲೀಟರ್ ಅಂತ ಬರೆದಿದ್ದು ಈ ಒತ್ತಡಕ್ಕೆ ಎರಡು ಲೀಟರ್ ಚಿಲ್ಲರೆ ಬಿಡಬಹುದು, ಒಂದು ಲೋಟ ಇಟ್ಟು ಅಳೆದುಕೊಳ್ಳಿ. ಮುಂದೆ ಒಂದು ಜಾಲರಿ ಫಿಲ್ಟರ್ ಇರಲೇಬೇಕು. ನಿಮ್ಮ ನೀರಿಗೆ ತಿಂಗಳಿಗೊಮ್ಮೆ ಕೊನೆಯ ಮುಚ್ಚಳ ಬಿಚ್ಚಿ ಪೈಪ್ ತೊಳೀರಿ, ಕಟ್ಟಿಕೊಂಡ ಡ್ರಿಪ್ಪರ್ ಬಿಚ್ಚಿ ವಿನಿಗರಿನಲ್ಲಿ ಹಾಕಿ. ನೀರು ಎಲೆ ಮೇಲೆ ಬೀಳದಿರೋದೇ ಉಪ್ಪುನೀರಿಗೆ ಡ್ರಿಪ್‌ನ ದೊಡ್ಡ ಲಾಭ.

ಬೀಜದ ಡಬ್ಬಿ
ಮೆಣಸಿನ ಗಿಡದ ಎಲೆ ಮುದುರಿದೆ. ಬೇವಿನೆಣ್ಣೆ ಹೊಡೆದರೂ ಬಗ್ಗಲ್ಲ.

ಚಿಂತಾಮಣಿ ಚಪ್ಪರ
ಯಾವ ಕಡೆ ಮುದುರಿದೆ ನೋಡಿ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಕೀಟ. ಕೆಳಕ್ಕೆ, ದೋಣಿ ಮಗುಚಿದ ಹಾಗೆ ಇದ್ದು ತೊಟ್ಟು ಉದ್ದವಾಗಿದ್ದರೆ ನುಸಿ. ಥ್ರಿಪ್ಸಿಗೆ ಬೇವಿನೆಣ್ಣೆ, ನೀಲಿ ಅಂಟುಹಾಳೆ. ನುಸಿಗೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ, ಸಂಜೆ ಹೊತ್ತು ಮಾತ್ರ. 32 ಡಿಗ್ರಿಯ ಮೇಲೆ ಗಂಧಕ ಹೊಡೆದರೆ ಎಲೆ ಸುಡುತ್ತೆ, ಸೌತೆ-ಹೀರೆ ಜಾತಿಗೆ ಅದನ್ನ ಹೊಡೆಯಲೇಬೇಡಿ.

ಬೇವಿನೆಣ್ಣೆ ಕೆಲಸ ಮಾಡದಿರೋಕೆ ನಿಮ್ಮ ನೀರೇ ಕಾರಣ ಇರಬಹುದು. ಗಡಸು ನೀರಲ್ಲಿ ಸೋಪು ಒಡೆದು ಬಿಳಿ ಗಷ್ಟಾಗುತ್ತೆ, ಎಣ್ಣೆ ಮೇಲೆ ತೇಲುತ್ತೆ. ಹೊಡೆಯುವಾಗ ಮೊದಲರ್ಧ ಬರೀ ನೀರು, ಕೊನೆಗೆ ಬರೀ ಎಣ್ಣೆ. ಕೊನೆಯ ಗಿಡಗಳು ಸುಟ್ಟಿದ್ದರೆ ಇದೇ ಆಗಿರೋದು. ಆರ್‌ಓ ಶುದ್ಧನೀರು ಒಂದು ಲೀಟರ್ ತಗೊಳ್ಳಿ. 5 ಮಿಲಿ ಬೇವಿನೆಣ್ಣೆಗೆ ಒಂದೆರಡು ಮಿಲಿ ದ್ರವ ಸೋಪನ್ನ ಮೊದಲು ಬೆರೆಸಿ ಹಾಲಿನಂತೆ ಮಾಡಿ, ಆಮೇಲೆ ನೀರಿಗೆ ಹಾಕಿ. ಐದು ಗಂಟೆಯ ಮೇಲೆ, ಎಲೆಯ ಅಡಿಗೆ ತಾಗುವಂತೆ, ವಾರಕ್ಕೊಮ್ಮೆ ಮೂರು ಸಲ.

ಶಿಡ್ಲಘಟ್ಟ ಹಿಪ್ಪುನೇರಳೆ
ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ದಯವಿಟ್ಟು ಗಾಳಿ ದಿಕ್ಕು ನೋಡಿ ಹೊಡೀರಿ. ಬೇವೂ ಹುಳುವಿಗೆ ವಿಷವೇ.

ಬಂಗಾರಪೇಟೆ ಹಿತ್ತಲು
ಹೀರೆ, ಹಾಗಲ ಹಾಕಿದರೆ ಹೀಚು ಹಳದಿಯಾಗಿ ಉದುರುತ್ತೆ, ಇಲ್ಲವೇ ಒಳಗೆ ಹುಳು. ಮಾವಿನ ತೋಪಿಗೆ ಕಟ್ಟೋ ನೊಣದ ಬಲೆ ಕಟ್ಟಿದರೆ ಆಗುತ್ತಾ?

ಚಿಂತಾಮಣಿ ಚಪ್ಪರ
ಶ್ರೀನಿವಾಸಪುರದ ಕಡೆ ಮಾವಿಗೆ ಕಟ್ಟೋದು ಮೀಥೈಲ್ ಯೂಜಿನಾಲ್. ಬಳ್ಳಿ ತರಕಾರಿಯ ನೊಣ ಬೇರೆ ಜಾತಿ, ಅದು ಈ ವಾಸನೆಗೆ ಬರಲ್ಲ. ಅದಕ್ಕೆ ಕ್ಯೂ-ಲ್ಯೂರ್ ಬೇಕು. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ, 'ಹಣ್ಣು ನೊಣದ ಬಲೆ' ಅಂದರೆ ಮಾವಿನದೇ ಕೈಗಿಡ್ತಾರೆ. ಎರಡೂ ಗಂಡು ನೊಣವನ್ನಷ್ಟೇ ಸೆಳೆಯೋದು, ಹೆಣ್ಣು ಪಕ್ಕದ ತೋಟದಿಂದ ಬಂದು ಚುಚ್ಚಿ ಹೋಗುತ್ತೆ. ಸಣ್ಣ ತೋಟಕ್ಕೆ ಖಾತ್ರಿ ಉಪಾಯ ಅಂದರೆ ಹೀಚು ಹೆಬ್ಬೆರಳುದ್ದ ಆದ ದಿನವೇ ಕಾಗದದ ಚೀಲ ಅಥವಾ ಹಳೆ ಬಟ್ಟೆ ಕಟ್ಟೋದು. ಉದುರಿದ ಕಾಯಿ ತಿಪ್ಪೆಗೆ ಎಸೆಯಬೇಡಿ, ಒಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತೆ. ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಾಲ್ಕು ದಿನ ಬಿಸಿಲಿಗಿಡಿ.

ಹುಳು ಇಲ್ಲದೆ ಹಳದಿಯಾಗಿ ಉದುರಿದರೆ ಪರಾಗ ಸಿಕ್ಕಿಲ್ಲ. ಸೌತೆ, ಹಾಗಲದ ಹೂ ಬೆಳಗ್ಗೆ ಅರಳುತ್ತೆ. ಹೀರೆ, ಸೋರೆ ಸಂಜೆ. ಸೋರೆಗೆ ಬೆಳಗ್ಗೆ ಎಂಟಕ್ಕೆ ಕೈ ಪರಾಗ ಮಾಡ್ತೀನಿ ಅಂದರೆ ಹೂ ಬಾಡಿರುತ್ತೆ. ಆಗಷ್ಟೇ ಅರಳಿದ ಗಂಡು ಹೂವಿನ ಎಸಳು ಕಿತ್ತು, ಹೀಚಿರುವ ಹೆಣ್ಣು ಹೂವಿನ ನಡುವಿಗೆ ಸವರಿ. ಮೊದಲ ಹತ್ತು ಹದಿನೈದು ದಿನ ಬರೀ ಗಂಡು ಹೂ ಬರೋದು ಸಹಜ, ಗಾಬರಿಯಾಗಿ ಔಷಧಿ ಹುಡುಕಬೇಡಿ.

ಬೀಜದ ಡಬ್ಬಿ
ಬದನೆ ಗಿಡ ಹಸಿರಾಗಿದ್ದ ಹಾಗೇ ಒಂದೇ ದಿನದಲ್ಲಿ ಜೋತುಬಿದ್ದರೆ? ಮಣ್ಣು ಒದ್ದೆಯೇ ಇರುತ್ತೆ.

ಮಾಲೂರು ಕೆಮ್ಮಣ್ಣು
ಮಧ್ಯಾಹ್ನ ಮಾತ್ರ ಜೋತು, ಬೆಳಗ್ಗೆ ಎದ್ದು ನಿಂತಿದ್ದರೆ ಅದು ಬಿಸಿಲಿನ ಆಟ, ನೀರು ಸುರಿಯಬೇಡಿ. ಬೆಳಗ್ಗೆಯೂ ಏಳದಿದ್ದರೆ ಬುಡದ ಕಾಂಡ ಎರಡಿಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮುಳುಗುವಂತೆ ಹಿಡೀರಿ. ಐದು ನಿಮಿಷದೊಳಗೆ ಹಾಲಿನ ಎಳೆಯಂತೆ ಇಳಿದರೆ ದುಂಡಾಣು ಸೊರಗು. ಮದ್ದಿಲ್ಲ. ಮಣ್ಣು ಸಮೇತ ಕಿತ್ತು ಆಚೆ ಹಾಕಿ. ಆ ಜಾಗಕ್ಕೆ ಕಮ್ಮಿಯೆಂದರೆ ಎರಡು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂ ಬೇಡ. ಎಳೆ ಇಳಿಯದೆ ಬೇರಲ್ಲಿ ಗಂಟು ಕಂಡರೆ ಅದು ಬೇರಿನ ಜಂತುಹುಳು (ನೆಮಟೋಡ್), ಒಂದು ಬೆಳೆ ಚೆಂಡುಹೂ ಒತ್ತಾಗಿ ಬೆಳೀರಿ. ಬರೀ ಕುಡಿ ಬಾಡಿದ್ದರೆ ಒಳಗೆ ಕಾಯಿಕೊರಕದ ಮರಿ ಇರುತ್ತೆ, ಬಾಡಿದ ಕುಡಿ ಒಂದಿಂಚು ಕೆಳಗೆ ಚಿವುಟಿ ವಾರವಾರ ಸುಡಿ.

ತಾರಸಿ ತುಮಕೂರು
ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಒಲೆ ಬೂದಿ ಹಾಕ್ತಾ ಇದೀನಿ.

ಉಪ್ಪುನೀರು ಮುಳಬಾಗಿಲು
ಬೂದಿ ನಿಲ್ಲಿಸಿ, ಅದೇ ಹೆಚ್ಚು ಮಾಡ್ತಿರೋದು. ಗಡಸು ನೀರಿಂದ ಮೊದಲೇ ಕ್ಷಾರದ ಕಡೆ ವಾಲಿದ ಮಣ್ಣಿಗೆ ಬೂದಿ ಸೇರಿದರೆ ಕಬ್ಬಿಣ ಇದ್ದೂ ಗಿಡಕ್ಕೆ ಸಿಗಲ್ಲ. ಬೂದಿ ಬೇಕಾದ್ದು ಎಳೆ ಸೌತೆ, ಸೋರೆ ಎಲೆ ತೂತು ಮಾಡೋ ಕೆಂಪು ದುಂಬಿಗೆ, ಅದೂ ಬೆಳಗಿನ ತೇವಕ್ಕೆ ಎಲೆ ಮೇಲೆ ತೆಳುವಾಗಿ. ಸದ್ಯಕ್ಕೆ ಒಂದು ಲೀಟರ್ ಶುದ್ಧನೀರಿಗೆ ಮೊದಲು 1 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಸಿಡ್), ಆಮೇಲೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ ಕೆಟ್ಟಿದೆ, ಚೆಲ್ಲಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ.

ಗುಬ್ಬಿ ತೆಂಗಿನಡಿ
ಅಶ್ವಿನಿ, ಭರಣಿ ಮಳೆ ಒಂದು ಹದ ಬಿದ್ದರೂ ಈ ಉಪ್ಪಿನ ಗೋಳು ಅರ್ಧ ಇಳಿಯುತ್ತೆ. ಸಾವಿರ ಚದರಡಿ ಮಾಡಿಗೆ 20 ಮಿಲಿಮೀಟರ್ ಬಿದ್ದರೆ 1,800 ಲೀಟರ್ ಮೇಲಾಗುತ್ತೆ, ಸೋರಿ ಹೋಗೋದು ಕಳೆದರೂ ಸಾವಿರದ ಐನೂರು ಹಿಡಿಯಬಹುದು. ಮೊದಲ ಐದು ನಿಮಿಷದ ಕೊಳೆ ನೀರು ಬಿಟ್ಟು ಡ್ರಮ್ಮಿಗೆ ತಿರುಗಿಸಿ, ಬಾಯಿಗೆ ಸೊಳ್ಳೆಪರದೆ ಕಟ್ಟಿ. ಸಸಿಮಡಿಗೆ, ಸಿಂಪರಣೆಗೆ ಆ ನೀರು. ಆಲಿಕಲ್ಲು ಬೀಳೋ ಕಾಲ ಇದು. ನೆರಳು ಪರದೆ ಸಡಿಲ ಬಿಟ್ಟಿದ್ದರೆ ಕಲ್ಲು ಗುಂಪಾಗಿ ನಿಂತು ಕಂಬ ಸಮೇತ ಕೆಡವುತ್ತೆ, ಇಳಿಜಾರಾಗಿ ಬಿಗಿ ಮಾಡಿ. ಮಳೆ ಬಂದ ಸಂಜೆ ಬೇವಿನ ಮರಕ್ಕೆ ಕಂದು ದುಂಬಿ ಮುತ್ತುತ್ತವೆ, ಗೊಣ್ಣೆ ಹುಳುವಿನ ತಾಯಿ ಅವೇ. ಕೊಂಬೆ ಅಲುಗಿಸಿ ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟಿಗೆ ಬೀಳಿಸಿ.

ಬಂಗಾರಪೇಟೆ ಹಿತ್ತಲು
ಬೀನ್ಸ್ ಸಾಲು ತೆಗೆದು ಅಲ್ಲೇ ಅಲಸಂದೆ ಹಾಕಬಹುದಾ, ಮಣ್ಣು ಆರಲು ಬಿಡಬೇಕಾ?

ಉಪ್ಪುನೀರು ಮುಳಬಾಗಿಲು
ಬಿಡೋದು ಬೇಡ. ಬೀನ್ಸನ್ನ ಬುಡಕ್ಕೆ ಕತ್ತರಿಸಿ, ಬೇರು ಮಣ್ಣಲ್ಲೇ ಇರಲಿ. ಮೇಲಿನ ಬಿಳಿ ಪೊರೆ ಕೆರೆದು ತೆಗೀರಿ, ಆ ಸಾಲಿಗೆ ಚದರ ಮೀಟರಿಗೆ 25 ಲೀಟರ್ ನೀರು ಎರಡು ಕಂತಿನಲ್ಲಿ ಹಾಯಿಸಿ. ಎರಡು ದಿನ ಬಿಟ್ಟು, ಮಣ್ಣು ಮುದ್ದೆ ಕಟ್ಟದೆ ಉದುರೋ ಹದಕ್ಕೆ ಬಂದಾಗ, ಒಂದೂವರೆ ಅಡಿ ಸಾಲಿನಲ್ಲಿ ಅರ್ಧ ಅಡಿಗೆ ಎರಡು ಬೀಜ, ಒಂದಿಂಚು ಆಳ. ಬೀಜ ನೆನೆಸೋದು ಬೇಡ, ಅಲಸಂದೆ ನೆಂದರೆ ಸಿಪ್ಪೆ ಬಿಟ್ಟು ಹೋಳಾಗುತ್ತೆ. ಬಿತ್ತಿದ ಮೇಲೆ ಮೊಳಕೆ ಕಾಣೋವರೆಗೆ ಮುಚ್ಚಿಗೆ ತೆಳುವಾಗಿರಲಿ, ಪಾರಿವಾಳ ಕಂಡರೆ ಮೇಲೆ ಮುಳ್ಳಿನ ಕೊಂಬೆ ಹಾಕಿ.